ಬಾಲ್ಕನಿ ಪಕ್ಷಿಸಂತರ್ಪಣ ಮೀಮಾಂಸೆ

ಯಲಹಂಕದಿಂದ ಆರ್.ಟಿ. ನಗರದವರೆಗಿನ ಬಾಲ್ಕನಿಗಳಲ್ಲಿ ಗುಬ್ಬಚ್ಚಿಗೆಂದು ನವಣೆ ಇಡುವ ಆಚಾರವೊಂದು ಬೆಳೆದುಬಂದಿದೆ. ಮಾರ್ಚ್ 20ರ ವಿಶ್ವ ಗುಬ್ಬಚ್ಚಿ ದಿನದ ಆಸುಪಾಸಿನಲ್ಲಿ ಅದು ಉಲ್ಬಣಿಸುತ್ತದೆ. ಪೂರ್ವಪಕ್ಷ: ನವಣೆ ಇಟ್ಟರೆ ಗುಬ್ಬಿ ಬರುತ್ತದೆ. ಸಿದ್ಧಾಂತ: ನವಣೆ ಇಟ್ಟರೆ ಪಾರಿವಾಳ ಬರುತ್ತದೆ.

ಸಿದ್ಧಾಂತಕ್ಕೆ ಪ್ರಮಾಣಗಳುಂಟು. ಪಾರಿವಾಳ ಮೂಲತಃ ಬಂಡೆಯ ಸಂದಿಯಲ್ಲಿ ಗೂಡು ಕಟ್ಟುವ ಹಕ್ಕಿ. ಹೆಬ್ಬಾಳದ ಬಹುಮಹಡಿ ಕಟ್ಟಡದಲ್ಲಿ ಎ.ಸಿ. ಪೆಟ್ಟಿಗೆಯ ಹಿಂದೆ ಅಂಥ ಸಂದಿಗಳಿಗೆ ಬರವಿಲ್ಲ. ಮರಿಗೆ ಹುಳ ಹುಡುಕುವ ಗೋಜೂ ಅದಕ್ಕಿಲ್ಲ. ಗಂಡು ಹೆಣ್ಣು ಎರಡೂ ಕತ್ತಿನ ಚೀಲದಲ್ಲಿ ಹಾಲಿನಂಥ ರಸ ತಯಾರಿಸಿ ಉಣಿಸುತ್ತವೆ. ಗುಬ್ಬಿಮರಿಗೋ ಹುಳುಹುಪ್ಪಟೆಯೇ ಆಗಬೇಕು. ಹುಲ್ಲುಹಾಸಿಗೆ ಕೀಟನಾಶಕ ಹೊಡೆಸುವ ನಿವಾಸಿಗಳ ಸಂಘವೇ ಗುಬ್ಬಿಗೂಡನ್ನೂ ಹಂಚಿದರೆ, ಅದು ಊಟವಿಲ್ಲದ ಪಿ.ಜಿ.ಯಂತೆ. ಇತ್ತ ಮೇಲಿನ ಮನೆಯವರು ಕಾಳು ಚೆಲ್ಲುತ್ತಾರೆ, ಕೆಳಗಿನ ಮನೆಯವರು ಬಲೆ ಕಟ್ಟಿಸುತ್ತಾರೆ. ಹಿಕ್ಕೆಯಲ್ಲಿ ಮಾತ್ರ ಇಬ್ಬರಿಗೂ ಸಮಪಾಲು.

ಇನ್ನು ಜಲಪ್ರಕರಣ. ಮಣ್ಣಿನ ಬಟ್ಟಲಿಗೆ ಕೊಕ್ಕಿಟ್ಟ ಪಾರಿವಾಳ ತಲೆ ಎತ್ತದೆ ಒಂದೇ ಸಮನೆ ಹೀರುತ್ತದೆ. ಪಿಕಳಾರ ಗುಟುಕು ತುಂಬಿಕೊಂಡು ಕತ್ತೆತ್ತಿ ಇಳಿಸಿಕೊಳ್ಳುತ್ತದೆ. ಕಾಗೆ ಬರುವುದು ಹೆಚ್ಚಾಗಿ ಅಡುಗೆಗೆ. ಎಲ್ಲಿಂದಲೋ ತಂದ ಒಣಚಪಾತಿಯನ್ನು ನೀರಿಗೆ ಹಾಕಿ, ತಿರುವಿ, ಮೆತ್ತಗಾಯಿತೇ ಎಂದು ಕುಕ್ಕಿ ನೋಡಿ ಎತ್ತಿಕೊಳ್ಳುತ್ತದೆ. ಒಮ್ಮೊಮ್ಮೆ ಚಪಾತಿಯ ಜಾಗದಲ್ಲಿ ಕೋಳಿಮೂಳೆ. ಬಟ್ಟಲಿಟ್ಟವರು ಈರುಳ್ಳಿಯನ್ನೂ ಮುಟ್ಟದವರಾದರೆ ಪ್ರಾಯಶ್ಚಿತ್ತವನ್ನು ಬೇರೆ ಗ್ರಂಥದಲ್ಲಿ ನೋಡತಕ್ಕದ್ದು.

ಮಹಾಲಯ ಅಮಾವಾಸ್ಯೆಯಂದು ಇದೇ ಕಾಗೆಗೆ ರಾಜಮರ್ಯಾದೆ. ಯಶವಂತಪುರದ ತಾರಸಿಗಳಲ್ಲಿ ಎಲೆಯ ಮೇಲೆ ಅನ್ನ, ವಡೆ, ಪಾಯಸ. ಪಂಚೆ ಸರಿಪಡಿಸಿಕೊಳ್ಳುತ್ತ ‘ಕಾ, ಕಾ’ ಎಂದು ಕರೆಯುವ ಸಾಫ್ಟ್‌ವೇರ್ ಇಂಜಿನಿಯರನ್ನು ಕಾಗೆ ಸಿಂಟೆಕ್ಸ್ ಟ್ಯಾಂಕಿನ ಮೇಲಿಂದ ಓರೆಗಣ್ಣಿನಲ್ಲಿ ಪರಿಶೀಲಿಸುತ್ತದೆ. ಪಕ್ಕದ ತಾರಸಿಯಲ್ಲಿ ಆಗಲೇ ಉಂಡಿರುವುದರಿಂದ ಅದಕ್ಕೆ ಅವಸರವಿಲ್ಲ. ಕಾಗೆ ಮುಟ್ಟುವ ತನಕ ಕೆಳಗೆ ಮನೆಮಂದಿಯೆಲ್ಲ ಹಸಿದು ಕೂತಿರುತ್ತಾರೆ. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದೆಂಬ ಮೇಲುಕೀಳಿನ ಶ್ರೇಣಿಯಿದೆ ಎಂದು ನಾರ್ವೆಯ ಥೋರ್ಲೀಫ್ ಷೆಲ್ಡರಪ್-ಎಬ್ಬೆ 1921ರಲ್ಲೇ ನಿರೂಪಿಸಿದ್ದರು. ಆ ಶ್ರೇಣಿಯಲ್ಲಿ ಮನುಷ್ಯನ ಸ್ಥಾನ ಎಲ್ಲಿ ಎಂಬುದನ್ನು ಅವರು ನಿರ್ಣಯಿಸಲಿಲ್ಲ. ಪಾಪ, ಅವರು ಯಶವಂತಪುರಕ್ಕೆ ಬಂದವರಲ್ಲ.

ಸರ್ಕಾರದ ಸ್ಥಾನವಂತೂ ಲಿಖಿತವಾಗಿಯೇ ಇತ್ಯರ್ಥವಾಗಿದೆ. ಯಲಹಂಕ ವಾಯುನೆಲೆಯಲ್ಲಿ 1996ರಿಂದ ಏರೋ ಇಂಡಿಯಾ ನಡೆಯುತ್ತಿದೆ. 2025ರ ಪ್ರದರ್ಶನಕ್ಕಾಗಿ ಬಿಬಿಎಂಪಿಯು ಜನವರಿ 23ರಿಂದ ಫೆಬ್ರವರಿ 17ರವರೆಗೆ ನೆಲೆಯ ಸುತ್ತ 13 ಕಿ.ಮೀ. ವ್ಯಾಪ್ತಿಯಲ್ಲಿ ಮಾಂಸದಂಗಡಿಗಳನ್ನು ಮುಚ್ಚಿಸಿತು. ಹೋಟೆಲುಗಳಲ್ಲಿ ಮಾಂಸದೂಟ ಬಡಿಸುವಂತಿರಲಿಲ್ಲ. ಬಿಸಾಡಿದ ಮಾಂಸಕ್ಕೆ ಹದ್ದು ಮುತ್ತುತ್ತವೆ, ಹದ್ದು ಯುದ್ಧವಿಮಾನಕ್ಕೆ ಬಡಿದರೆ ಅನಾಹುತ ಎಂಬುದು ಕಾರಣ, ಕಾರಣ ಸರಿಯಾದದ್ದೇ. ಹಾಗಾಗಿ ಹೆಬ್ಬಾಳದ ಬಿರಿಯಾನಿಪ್ರಿಯರು ಮೂರು ವಾರಕ್ಕೂ ಮಿಕ್ಕಿ ಹದ್ದಿನ ಹೆಸರಿನಲ್ಲಿ ಅನ್ನ-ಸಾರು ಉಂಡರು. ಆದೇಶದ ಪ್ರತಿ ಹದ್ದುಗಳಿಗೆ ಜಾರಿಯಾದ ಬಗ್ಗೆ ಸ್ವೀಕೃತಿ ದಾಖಲಾಗಿಲ್ಲ.