ಪರೀಕ್ಷಾಗ್ರಂಥವರಣ ಮೀಮಾಂಸೆ

ಶಾಸ್ತ್ರಾರಂಭದಲ್ಲಿ ಅನುಬಂಧಚತುಷ್ಟಯವನ್ನು ನಿರೂಪಿಸುವುದು ಶಿಷ್ಟಸಂಪ್ರದಾಯವಾದುದರಿಂದ ಅದನ್ನು ಮೊದಲು ಹೇಳುತ್ತೇನೆ: ಅಮೆರಿಕ ದೇಶದಲ್ಲಿ ಕೆಲವು ವರ್ಷ ಪರರ ಕೈಕೆಳಗೆ ಸೇತುವೆ ಚರಂಡಿಗಳ ಲೆಕ್ಕ ಹಾಕಿ, ಇನ್ನು ನಕ್ಷೆಗಳ ಮೇಲೆ ಸ್ವಂತ ಮುದ್ರೆಯನ್ನೊತ್ತಬಯಸುವ ಸಿವಿಲ್ ಇಂಜಿನಿಯರನೇ ಅಧಿಕಾರಿ, ಪಿ.ಇ. (ಪ್ರೊಫೆಷನಲ್ ಇಂಜಿನಿಯರ್) ಪರೀಕ್ಷೆಗಾಗಿ ಕೊಳ್ಳತಕ್ಕ ಪುಸ್ತಕವೇ ವಿಷಯ, ಲೈಸೆನ್ಸೇ ಪ್ರಯೋಜನ, ಪುಸ್ತಕಕ್ಕೂ ಅವನಿಗೂ ಇರುವ ಸಂಬಂಧವಾದರೋ, ಪ್ರಾಯಶಃ ಕೊಂಡವನಿಗೂ ಕೊಂಡ ವಸ್ತುವಿಗೂ ಇರುವಷ್ಟೇ.

ನೀರಿನ ಹಕ್ಕಿನ ಅರ್ಜಿಗಳಿಗೆ ವಕೀಲರೂ ನೋಟರಿಗಳೂ ತಾವೇ ಇಂಜಿನಿಯರರೆಂದು ರುಜು ಹಾಕುತ್ತಿದ್ದುದರಿಂದ ಬೇಸತ್ತು, ವಯೋಮಿಂಗ್ ಸಂಸ್ಥಾನವು 1907ರಲ್ಲಿ ಆ ದೇಶದ ಮೊತ್ತಮೊದಲ ಇಂಜಿನಿಯರ್ ಲೈಸೆನ್ಸು ಶಾಸನವನ್ನು ಮಾಡಿತು. ಓದದವರು ಮಾಡಿದ ರುಜುವಿಗೆ ಓದಿದವರು ಇಂದಿಗೂ ದಂಡ ತೆರುತ್ತಿದ್ದಾರೆ.

ಗ್ರಂಥವರಣದಲ್ಲಿ ಮತಗಳು ಮೂರು. ಗೌರವವಾದಿಗಳ ಮತದಲ್ಲಿ ಪುಸ್ತಕದ ಪ್ರಾಮಾಣ್ಯವು ಅದರ ತೂಕದಲ್ಲಿದೆ. 2021ರವರೆಗೆ ಸಿವಿಲ್ ಪರೀಕ್ಷೆಗೆ ಪುಸ್ತಕಗಳನ್ನೊಯ್ಯಲು ಅನುಮತಿಯಿದ್ದುದರಿಂದ, ಬಣ್ಣದ ಚೀಟಿಗಳನ್ನಂಟಿಸಿದ ಮಹಾಸಂಪುಟಗಳನ್ನು ಚಕ್ರದ ಪೆಟ್ಟಿಗೆಗಳಲ್ಲಿ ತುಂಬಿ ಎಳೆದುಕೊಂಡು ಬರುವ ಅಭ್ಯರ್ಥಿಯು, ತೌರಿನಿಂದ ಹೊರಟ ಬಾಣಂತಿಯಂತೆ ಕಾಣುತ್ತಿದ್ದನು. 2022ರಲ್ಲಿ ಪರೀಕ್ಷೆಯು ಕಂಪ್ಯೂಟರಿಗೇರಿ, ಪರದೆಯ ಮೇಲಿನ ಅಧಿಕೃತ ಕೈಪಿಡಿ ಮತ್ತು ಸಂಹಿತೆಗಳ ಹೊರತು ಬೇರೆ ಪುಸ್ತಕವು ನಿಷಿದ್ಧವಾಗಲು, ಆ ಪೆಟ್ಟಿಗೆಗಳು ಊರಿಗೆ ಬರುವಾಗ ಚಾಕೊಲೇಟು ತುಂಬಲು ಒದಗಿದವು. ಬಳಿಕ ತಲೆಯೆತ್ತಿದ ಲಾಘವವಾದಿಗಳು, ಕೈಪಿಡಿಯೊಂದೇ ಸಾಕೆಂದರು. ಯಾವ ಸೂತ್ರವನ್ನು ಹುಡುಕಬೇಕೆಂಬುದನ್ನು ಮಾತ್ರ ಕೈಪಿಡಿ ಹೇಳದೆಂಬುದನ್ನು ಮರೆತರು. 80 ಪ್ರಶ್ನೆಗಳಿಗೆ 8 ಗಂಟೆಯಾದರೆ ಪ್ರಶ್ನೆಯೊಂದಕ್ಕೆ 6 ನಿಮಿಷ. ಅಷ್ಟರಲ್ಲಿ ಹುಡುಕುವುದೋ ಗುಣಿಸುವುದೋ? ಆದುದರಿಂದ ಲೆಕ್ಕಗಳನ್ನು ಮಾಡಿಸುವ ಪುಸ್ತಕವೇ ಗ್ರಾಹ್ಯವೆಂಬ ಅಭ್ಯಾಸವಾದಿಗಳ ಮತವೇ ಸಿದ್ಧಾಂತ.

ಅಂಥ ಪುಸ್ತಕವನ್ನು ಗುರುತಿಸುವುದು ಹೇಗೆ? ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಕಾಫಿಯ ಕಲೆಯಿಂದ ಓದನ್ನು ಊಹಿಸಬೇಕು. ಪಾಸಾದವರಿಂದ ಕೈಬದಲಾದ ಪ್ರತಿಯಲ್ಲಿ ಮಣ್ಣಿನ ಬಲವಿಜ್ಞಾನದವರೆಗೂ ಕಲೆಗಳಿದ್ದರೆ ನಿಸ್ಸಂಶಯವಾಗಿ ಕೊಳ್ಳಬಹುದು.

ಈ ಲಕ್ಷಣವನ್ನು ಕೇಳಿದ ನನ್ನ ಸೋದರಳಿಯನು ಬಹಳ ಸಂತೋಷಪಟ್ಟು, ಮೂರು ತಿಂಗಳಿಂದ ಬಿಚ್ಚದಿದ್ದ ಹೊಸ ಪುಸ್ತಕದ ಹೊದಿಕೆಯನ್ನು ಅಂದೇ ಬಿಚ್ಚಿ, ಪುಟಪುಟಕ್ಕೂ ಕಾಫಿ ಚಿಮುಕಿಸಿ ಒಣಗಲಿಟ್ಟನು. ಇದನ್ನೇ ತಾರ್ಕಿಕರು ಹೇತ್ವಾಭಾಸವೆನ್ನುವರು.