ಉಳವಿ ಜಾತ್ರೆಯಲ್ಲಿ ನನ್ನ ಸೊಂಟ

ಉಳವಿ ಜಾತ್ರೆಗೆ ಜನ ಹರಕೆ ಹೊತ್ತು ಹೋಗುತ್ತಾರೆ. ಮಗಳಿಗೆ ಗಂಡು ಸಿಗಲಿ, ಮುಂಗಾರು ಹಿಡಿಯಲಿ, ಎತ್ತಿನ ಕುಂಟು ಹೋಗಲಿ ಎಂದು ಚನ್ನಬಸವಣ್ಣನ ಮುಂದೆ ಕಾಯಿ ಒಡೆಸುತ್ತಾರೆ. ನಾನು ಹೋದದ್ದು ಸೊಂಟ ಕಾಣಿಸಲಿ ಎಂದು. ಎರಡನೆಯ ಹೆರಿಗೆಗೆ ರಜೆ ಹಾಕಿ ಹೋದ ನನ್ನ ಸೊಂಟ ಇನ್ನೂ ಕೆಲಸಕ್ಕೆ ಹಾಜರಾಗಿಲ್ಲ. ಆ ಮಗ ಎಂಜಿನಿಯರಿಂಗ್ ಮುಗಿಸಿದ.

ಮಾಘದ ಭಾರತ ಹುಣ್ಣಿಮೆಯ ಆಸುಪಾಸಿಗೆ ನಡೆಯುವ ಈ ಜಾತ್ರೆಗೆ ಧಾರವಾಡ, ಬೆಳಗಾವಿ, ಹಾವೇರಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಬರುವವರು ಇವತ್ತಿಗೂ ಇದ್ದಾರೆ. ಹಳಿಯಾಳ, ದಾಂಡೇಲಿ ದಾಟಿ, ಜೋಯಿಡಾ ತಾಲ್ಲೂಕಿನ ಕಾಡು ಹೊಕ್ಕು, ಅಲ್ಲಲ್ಲಿ ಬೀಡು ಬಿಟ್ಟು, ಬುತ್ತಿ ಬಿಚ್ಚಿ, ದಿನಗಟ್ಟಲೆ ದಾರಿ ಸವೆಸಿ ಬರುತ್ತಾರೆ. ನಮ್ಮ ದೊಡ್ಡಪ್ಪನ ಮನೆಯ ಚಕ್ಕಡಿಯೂ ಅದರಲ್ಲಿ ಒಂದು. ಅವರು ಚಕ್ಕಡಿಯಲ್ಲಿ, ನಾವು ಕಾರಿನಲ್ಲಿ. ಉಳವಿಯಲ್ಲಿ ಕೂಡಿ, ಚಕ್ಕಡಿಯ ಮುಂದೆ ನಿಂತು ಒಂದು ಫೋಟೊ. ಎತ್ತುಗಳಿಗೆ ಮೈತುಂಬ ಜೂಲ, ಕೊಂಬಿಗೆ ಕೊಂಬಣಸು, ಹಣೆಗೆ ಗೊಂಡೆ, ಕೊರಳಿಗೆ ಗೆಜ್ಜೆಸರ. ಪ್ರತಿ ವರ್ಷವೂ ಫೋಟೊದಲ್ಲಿ ಅವೇ ಚೆಂದ ಬರುತ್ತವೆ. ಸೊಂಟದ ಹರಕೆ ಹೊತ್ತ ವರ್ಷದ ಹಿಂದಿನ ಜಾತ್ರೆಯಲ್ಲಂತೂ ನನ್ನ ನೀಲಿ ಕುರ್ತಾ ಮತ್ತು ಚಕ್ಕಡಿಗೆ ಹೊದಿಸಿದ ತಾಡಪತ್ರಿ ಒಂದೇ ಬಣ್ಣದವಾಗಿ, ಫೋಟೊ ನೋಡಿದ ಬೀಗಿತ್ತಿ ‘ಈ ಸಲ ನೀವು ಹೋಗಿರಲಿಲ್ಲೇನ್ರಿ?’ ಎಂದು ಕನಿಕರದಿಂದ ಕೇಳಿದರು.

ಆಗ ನೆನಪಾದವಳು ತಂಗಿಯ ಮಗಳು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಶನಿವಾರ-ಭಾನುವಾರ ಸ್ಟೈಲಿಂಗ್ ಕೋರ್ಸು. ಕಲಿತ ವಿದ್ಯೆಯನ್ನು ಯಾರ ಮೇಲೆ ಪ್ರಯೋಗಿಸಲಿ ಎಂದು ಆಕೆಯೂ ಕಾಯುತ್ತಿದ್ದಳು.

ಬಂದವಳೇ ನನ್ನ ಕಪಾಟನ್ನು ಮಂಚದ ಮೇಲೆ ಸುರಿದಳು. 1970ರ ದಶಕದಲ್ಲಿ ಲಂಡನ್ನಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಸೂಸಿ ಫಾಕ್ಸ್ ಎಂಬಾಕೆ ‘ಕ್ಯಾಪ್ಸೂಲ್ ವಾರ್ಡ್‌ರೋಬ್’ ಎಂಬುದೊಂದನ್ನು ಹೇಳಿಕೊಟ್ಟಿದ್ದಾಳಂತೆ: ಕೆಲವೇ ಬಟ್ಟೆ ಇರಬೇಕು, ಒಂದಕ್ಕೊಂದು ಹೊಂದಬೇಕು, ಉಳಿದದ್ದೆಲ್ಲ ಹೊರಗೆ. ಸೂಸಿಗೆ ಬಹುಶಃ ಸೋದರತ್ತೆಯರು ಇರಲಿಲ್ಲ. ನನ್ನ ಕಪಾಟಿನ ಅರ್ಧ ಸೀರೆಗಳು ನನ್ನವಲ್ಲವೇ ಅಲ್ಲ. ಗೃಹಪ್ರವೇಶದಲ್ಲಿ, ಸೀಮಂತದಲ್ಲಿ, ಮುಂಜಿಯಲ್ಲಿ ಕೊಟ್ಟವರ ಪರವಾಗಿ ನಾನು ಕಾದಿಟ್ಟವು. ಕೊಟ್ಟವರ ಮನೆಯ ಮುಂದಿನ ಕಾರ್ಯಕ್ಕೆ ಅದನ್ನೇ ಉಟ್ಟುಕೊಂಡು ಹೋಗಿ ಲೆಕ್ಕ ಒಪ್ಪಿಸಬೇಕು. ಇದನ್ನು ವಿವರಿಸಿದರೆ ಹುಡುಗಿ ‘ಇಮೋಷನಲ್ ಕ್ಲಟರ್’ ಎಂದು ಬರೆದುಕೊಂಡಳು. ಮಧ್ಯಾಹ್ನದ ಹೊತ್ತಿಗೆ ‘ಬೇಡ’ದ ರಾಶಿ ಕಿಟಕಿ ಮುಚ್ಚಿತು. ‘ಕೌದಿಗೆ ಕೊಡೋಣು’ ಎಂದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರು ಹಳೆಯ ಸೀರೆಗಳಿಂದ ಹೊಲಿಯುವ ಕೌದಿಗಳು ಅಮೆರಿಕದ ಪ್ರದರ್ಶನಗಳವರೆಗೂ ಹೋಗಿ ಬಂದಿವೆ. ನಾಲ್ಕು ಮೂಲೆಗೆ ತ್ರಿಕೋನದ ಹೂವು ಹಚ್ಚದಿದ್ದರೆ ಆ ಕೌದಿಗೆ ಬಟ್ಟೆ ತೊಡಿಸಿದಂತೆಯೇ ಅಲ್ಲ ಎಂದು ಅವರು ಭಾವಿಸುತ್ತಾರೆ. ನನ್ನ ಸೀರೆಗಳಿಗೆ ನನ್ನ ಮೈಮೇಲೆ ಸಿಗದ ಯೋಗ ಅಲ್ಲಿ ಸಿಗಲಿ ಎಂದುಕೊಂಡೆ.

ಎರಡನೆಯ ಹಂತ ದೇಹದ ಆಕಾರ. ಈ ಶಾಸ್ತ್ರದಲ್ಲಿ ಹೆಂಗಸರನ್ನು ಹಣ್ಣಿನ ಹೆಸರಿನಿಂದ ವಿಂಗಡಿಸುತ್ತಾರೆ. ಮೇಲೆ ದಪ್ಪವಾದರೆ ಸೇಬು, ಕೆಳಗೆ ದಪ್ಪವಾದರೆ ಪೇರ್. ಹುಡುಗಿ ಟೇಪು ಹಿಡಿದು ಸುತ್ತಿ, ಬರೆದು, ಅಳಿಸಿ, ಮತ್ತೆ ಸುತ್ತಿ ‘ಪೇರ್, ಆದ್ರ ಪೂರಾ ಅಲ್ಲ’ ಎಂದಳು. ಹಣ್ಣಿನಲ್ಲಿ ಹುಡುಕಿದ್ದಕ್ಕೆ ಸಿಕ್ಕಿಲ್ಲ ಅಷ್ಟೆ. ಜೋಯಿಡಾದಲ್ಲಿ ಕುಣಬಿಗಳು ನಡೆಸುವ ಗೆಡ್ಡೆಗೆಣಸು ಮೇಳಕ್ಕೆ ಒಮ್ಮೆ ಹೋದಾಗ, ಎರಡು ಕಡೆ ಉಬ್ಬಿ ನಡುವೆ ಎಲ್ಲಿ ತೆಳ್ಳಗಾಗಬೇಕೆಂದು ತಾನೇ ತೀರ್ಮಾನಿಸದ ಒಂದು ಗೆಣಸು ನೋಡಿದ್ದೆ. ನನ್ನ ಜಾತಿ ಅದು. ಆದರೆ ಆಕೆಯ ಪುಸ್ತಕದಲ್ಲಿ ಗೆಣಸಿನ ಅಧ್ಯಾಯ ಇರಲಿಲ್ಲ. ಪೇರ್ ಎಂದೇ ನಮೂದಾಯಿತು. ಪೇರಿಗೆ ಪರಿಹಾರ: ಭುಜ ಅಗಲ ಕಾಣಬೇಕು, ಆದ್ದರಿಂದ ಭುಜಪಟ್ಟಿ. ಸೊಂಟ ಎಲ್ಲಿದೆ ಎಂದು ನೋಡುವವರಿಗೆ ತಿಳಿಯಬೇಕು, ಆದ್ದರಿಂದ ಬೆಲ್ಟು.

ಮೂರನೆಯದು ಬಣ್ಣ. 1980ರಲ್ಲಿ ಕ್ಯಾರೊಲ್ ಜಾಕ್ಸನ್ ಎಂಬ ಅಮೆರಿಕನ್ ಮಹಿಳೆ ‘ಕಲರ್ ಮಿ ಬ್ಯೂಟಿಫುಲ್’ ಎಂಬ ಪುಸ್ತಕ ಬರೆದು ಲೋಕದ ಹೆಂಗಸರನ್ನೆಲ್ಲ ನಾಲ್ಕು ಋತುಗಳಿಗೆ ಹಂಚಿಕೊಟ್ಟಳು. ವಸಂತದವರಿಗೆ ಒಂದು ಬಣ್ಣ, ಚಳಿಗಾಲದವರಿಗೆ ಇನ್ನೊಂದು. ಮಳೆಗಾಲ ಇಲ್ಲ. ಉಳವಿಯ ಕಡೆಯವರು ಎಲ್ಲಿಗೆ ಹೋಗಬೇಕೋ ಆಕೆಯೇ ಹೇಳಬೇಕು. ಋತು ಗೊತ್ತುಮಾಡಲು ಮುಂಗೈಯ ನರ ನೋಡುತ್ತಾರಂತೆ: ನೀಲಿಯಾದರೆ ತಂಪು ಮೈಬಣ್ಣ, ಹಸಿರಾದರೆ ಬೆಚ್ಚಗಿನದು. ನನ್ನ ಕೈಯಲ್ಲಿ ನರವೇ ಕಾಣಲಿಲ್ಲ. ರಕ್ತ ತೆಗೆಯುವ ನರ್ಸುಗಳೇ ಸೋತ ಜಾಗ ಅದು. ಕೊನೆಗೆ ಕಿಟಕಿಯ ಬೆಳಕಿನಲ್ಲಿ ಕುತ್ತಿಗೆಗೆ ಬಣ್ಣಬಣ್ಣದ ಬಟ್ಟೆ ಹಿಡಿದು ನೋಡಿದಳು. ಕಪ್ಪು ಕೂದಲಿನ ನಮ್ಮಂಥವರು ಹೆಚ್ಚಾಗಿ ಚಳಿಗಾಲಕ್ಕೆ ಸೇರುತ್ತೇವಂತೆ. ಆದರೆ ನಾನು ತಲೆಗೆ ಮದರಂಗಿ ಹಚ್ಚುತ್ತೇನಲ್ಲ, ಆ ಕೆಂಚು ಬಣ್ಣದಿಂದಾಗಿ ಶರತ್ಕಾಲಕ್ಕೆ ಬಿದ್ದೆ. ಶರತ್ಕಾಲಕ್ಕೆ ಯಾವುದು ಒಪ್ಪುತ್ತದೆ? ಒಣಗಿದೆಲೆ ಬಣ್ಣ, ತುಕ್ಕು ಬಣ್ಣ, ಆಲಿವ್ ಹಸಿರು, ಮುಖ್ಯವಾಗಿ ಖಾಕಿ.

ಇಷ್ಟು ಹೊತ್ತು ಪತ್ರಿಕೆಯ ಹಿಂದೆ ಅಡಗಿದ್ದ ನನ್ನ ಯಜಮಾನರು ಹುಡುಗಿಯ ಬಾಯಿಂದ ‘ಉದ್ದಗೆರೆ’ ಎಂಬ ಶಬ್ದ ಕೇಳಿದೊಡನೆ ಎದ್ದು ಕುಳಿತರು. ಅವರು ಭೌತಶಾಸ್ತ್ರದ ಮೇಷ್ಟ್ರು. ಉದ್ದಗೆರೆ ತೊಟ್ಟರೆ ತೆಳ್ಳಗೆ ಕಾಣುತ್ತಾರೆ ಎಂಬುದು ಸುಳ್ಳಂತೆ. ಅಡ್ಡಗೆರೆ ಎಳೆದ ಚೌಕವೇ ಎತ್ತರವಾಗಿ, ಕಿರಿದಾಗಿ ಕಾಣುತ್ತದೆ ಎಂದು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1867ರಲ್ಲೇ ಬರೆದಿದ್ದಾನೆ. ಹೆಂಗಸರ ಅಡ್ಡಗೆರೆಯ ಫ್ರಾಕಿನ ಮಾತೂ ಅಲ್ಲೇ ಬಂದಿದೆ. 2011ರಲ್ಲಿ ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಪೀಟರ್ ಥಾಂಪ್ಸನ್ ಬಟ್ಟೆ ತೊಡಿಸಿದ ಚಿತ್ರಗಳನ್ನಿಟ್ಟು ಅದನ್ನೇ ಮತ್ತೆ ತೋರಿಸಿದ. ‘ದೂರ ಯಾಕ? ಮುಂಡಗೋಡದ ಟಿಬೆಟಿಯನ್ ಕ್ಯಾಂಪಿಗೆ ಹೋಗಿ ನೋಡ್ರಿ. 1966ರಿಂದ ಇಲ್ಲೇ ಅದಾರ. ಲಗ್ನಾದ ಹೆಣ್ಣಮಕ್ಕಳು ನಡುವಿಗೆ ಅಡ್ಡಪಟ್ಟಿಯ ಪಾಂಗ್ಡೆನ್ ಕಟ್ತಾರ. ದಪ್ಪ ಕಾಣತಾರೇನು?’ ಎಂದು ಸವಾಲೆಸೆದರು. ಇಪ್ಪತ್ತೈದು ವರ್ಷಗಳ ದಾಂಪತ್ಯದಲ್ಲಿ ನನ್ನ ಉಡುಪಿನ ಬಗ್ಗೆ ಅವರು ಆಡಿದ ಅತಿ ದೀರ್ಘ ಭಾಷಣ ಅದು. ಅದರಲ್ಲೂ ನಾನು ಎಲ್ಲೂ ಇರಲಿಲ್ಲ, ಚೌಕ ಇತ್ತು.

ಹುಡುಗಿ ಗೆರೆ ಕೈಬಿಟ್ಟಳು. ಬದಲಿಗೆ ಕಣ್ಣು ಮೇಲಿಂದ ಕೆಳಕ್ಕೆ ಜಾರಲೆಂದು ಸಾಲಾಗಿ ಹಿತ್ತಾಳೆ ಗುಂಡಿ ಇಡಿಸಿದಳು. ಉಡುಪು ಸಿದ್ಧವಾಯಿತು: ಭುಜಪಟ್ಟಿ ಇರುವ ಖಾಕಿ ಅಂಗಿ, ಅದೇ ಬಟ್ಟೆಯ ಪ್ಯಾಂಟು, ಅಗಲ ಕಂದು ಬೆಲ್ಟು, ಹಿತ್ತಾಳೆ ಗುಂಡಿ, ಕಂದು ಬೂಟು. ಒಂದೊಂದಕ್ಕೂ ಶಾಸ್ತ್ರಾಧಾರ ಇತ್ತು. ಕನ್ನಡಿಯಲ್ಲಿ ನನಗೆ ಸೊಂಟ ಕಾಣಿಸಿತು, ದೇವರಾಣೆ. ಯಜಮಾನರು ಬಹಳ ಹೊತ್ತು ನೋಡಿ ‘ಎಲ್ಲಾ ಛಲೋ ಐತಿ. ಒಂದು ಸೀಟಿ ಕಮ್ಮಿ’ ಎಂದರು. ಮೇಷ್ಟ್ರ ಹಾಸ್ಯ ಎಂದುಕೊಂಡು ಕಾರು ಹತ್ತಿದೆ.

ಕುಂಬಾರವಾಡ ದಾಟಿ ಉಳವಿಯ ದಾರಿ ಹಿಡಿದ ಮೇಲೆ ಚಕ್ಕಡಿಗಳ ಸಾಲು ಸಿಕ್ಕಿತು. ಚಹಾಕ್ಕೆಂದು ಇಳಿದೆ. ರಸ್ತೆಬದಿಯಲ್ಲಿ ಮೂರು ಕಲ್ಲು ಹೂಡುತ್ತಿದ್ದ ಅಜ್ಜನೊಬ್ಬ ನನ್ನನ್ನು ಕಂಡವನೇ ಎದ್ದು ನಿಂತ. ‘ಬಾಯಾರ, ಇಲ್ಲೆ ಒಲಿ ಹಚ್ಚಬಹುದಲ್ರಿ?’

‘ನನಗೇನು ಗೊತ್ತಪ್ಪ’ ಎಂದೆ.

ಅಜ್ಜ ಮರುಮಾತಾಡದೆ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ದೂರ ಎಸೆದ. ಆತನ ಹಿಂದಿದ್ದ ಹುಡುಗರು ಬೀಡಿ ಹೊಸಕಿದರು. ಇನ್ನೊಬ್ಬಾತ ಖಾಲಿ ಪ್ಲಾಸ್ಟಿಕ್ ಬಾಟಲಿಗಳನ್ನು ಆರಿಸಿ ಚೀಲಕ್ಕೆ ತುಂಬತೊಡಗಿದ, ತನ್ನವಲ್ಲದವನ್ನೂ. 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಮೀಸಲು ಎಂದಾಗಿ, 2015ರಲ್ಲಿ ಕಾಳಿ ಎಂದು ಹೆಸರು ಬದಲಿಸಿಕೊಂಡ ಕಾಡು ಇದು. ಇಲ್ಲಿ ಖಾಕಿ ಯಾವ ಋತುವಿನದು ಎಂದು ಯಾರೂ ಕೇಳುವುದಿಲ್ಲ. ಗಿಡದಡಿ ಗೆಣಸು ಮಾರುತ್ತಿದ್ದ ಕುಣಬಿ ಅಜ್ಜಿ ನಾನು ಹತ್ತಿರ ಹೋದೊಡನೆ ‘ನಮ್ ಹಿತ್ತಲಾಂತ್ಲೆ, ಹಿತ್ತಲಾಂತ್ಲೆ’ ಎಂದು ಅರ್ಧ ಕೊಂಕಣಿಯಲ್ಲಿ ಗೆಣಸಿನ ವಂಶಾವಳಿ ಶುರುಮಾಡಿದಳು. ನಾನು ಕೊಳ್ಳಲು ಬಂದವಳೆಂದು ತಿಳಿಸಿದರೂ ದುಡ್ಡು ಮುಟ್ಟಲಿಲ್ಲ. ಸೀರೆಯನ್ನು ಮೊಣಕಾಲಿಗೆ ಏರಿಸಿ, ಭುಜದ ಮೇಲೆ ಗಂಟು ಹಾಕಿ ಉಟ್ಟಿದ್ದಳು. ಭುಜಕ್ಕೆ ಒತ್ತು, ಕಾಲಿಗೆ ಸಲೀಸು. ನನ್ನ ಹುಡುಗಿ ಟೇಪು ಹಿಡಿದು ಕಂಡುಹಿಡಿದದ್ದನ್ನು ಆಕೆ ಒಂದು ಗಂಟಿನಲ್ಲಿ ಮುಗಿಸಿದ್ದಳು. ದುಡ್ಡನ್ನು ಬುಟ್ಟಿಯ ಕೆಳಗೆ ತುರುಕಿ ಓಡಿಬಂದೆ. ಅಧಿಕಾರಿಯೊಬ್ಬಳು ಓಡುವುದನ್ನು ಕಂಡು ಜನ ಹುಲಿ ಬಂತೆಂದು ಚಕ್ಕಡಿ ಹತ್ತಿದರು.

ಉಳವಿಯಲ್ಲಿ ದೊಡ್ಡವ್ವ ಸಿಕ್ಕಳು. ಎಪ್ಪತ್ತು ದಾಟಿದ್ದಾಳೆ, ಅಗಲದಲ್ಲಿ ನನ್ನನ್ನು ಮೀರಿಸುತ್ತಾಳೆ. ದಾಳಿಂಬೆ ಬಣ್ಣದ ಇಳಕಲ್ ಸೀರೆ, ಗಿಳಿಹಸಿರು ಗುಳೇದಗುಡ್ಡ ಖಣದ ಕುಪ್ಪಸ. ಹುಡುಗಿಯ ಪುಸ್ತಕದ ಪ್ರಕಾರ ಎಲ್ಲವೂ ತಪ್ಪು: ದಪ್ಪ ಅಂಚು ಮೈಯನ್ನು ಅಡ್ಡಡ್ಡ ಕತ್ತರಿಸುತ್ತದೆ, ಎರಡು ಬಣ್ಣ ಜಗಳಾಡುತ್ತವೆ, ಕೆಂಪು ಸೆರಗಿನ ಬಿಳಿಯ ಟೋಪಿ ತೆನಿ ಕಣ್ಣನ್ನು ಸರಿಯಾಗಿ ಸೊಂಟದ ಮೇಲೇ ತಂದು ನಿಲ್ಲಿಸುತ್ತದೆ. ಇಳಕಲ್‌ನ ನೇಕಾರರು ಮೈಯ ಹಾಸಿಗೂ ಸೆರಗಿನ ರೇಷ್ಮೆ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕಿ ನೇಯುವುದೇ ಆ ಸೆರಗು ದೂರಕ್ಕೆ ಎದ್ದು ಕಾಣಲೆಂದೇನೋ. ಅಷ್ಟು ಸಾವಿರ ಜನರ ನಡುವೆ ದೊಡ್ಡವ್ವ ನನಗೆ ಕಂಡದ್ದು ಆ ಸೆರಗಿನಿಂದ. ಆಕೆಗೆ ನಾನು ಕಾಣಲಿಲ್ಲ. ಎದುರಿಗೇ ನಿಂತೆ. ‘ಚಕ್ಕಡಿ ಸರಸ್ತೀವಿ ತಡೀರಿ, ಯಾಕ ಗಡಿಬಿಡಿ ಮಾಡ್ತೀರಿ’ ಎಂದು ನನ್ನನ್ನೇ ಗದರಿದಳು. ಗುರುತು ಹತ್ತಿದ ಮೇಲೆ ಗಲ್ಲಕ್ಕೆ ಕೈ ಹಚ್ಚಿ ‘ಮಾಸ್ತರರ ಪಗಾರ ಸಾಲೂದಿಲ್ಲಂತ ನೌಕರಿ ಸೇರಿದೆ ಏನವ್ವಾ?’ ಎಂದು ಕಣ್ಣಲ್ಲಿ ನೀರು ತಂದಳು.

ಫೋಟೊಕ್ಕೆ ನಿಂತೆವು. ಮೊಬೈಲು ಹಿಡಿದ ಹುಡುಗ ‘ಮೇಡಮ್ಮಾರ, ನೀವು ಚೂರು ಆಚೆ ಸರೀರಿ, ಮನಿಯವರ್ದು ತಗೀತೀನಿ’ ಎಂದ. ಸರಿದೆ. ವಿವರಿಸುವ ಶಕ್ತಿ ಇರಲಿಲ್ಲ.

ಗವಿ ನೋಡಲು ಹೋದಾಗ ಬೆಲ್ಟಿನ ನಿಜರೂಪ ತಿಳಿಯಿತು. 12ನೆಯ ಶತಮಾನದಲ್ಲಿ ಕಲ್ಯಾಣದ ಗದ್ದಲದಿಂದ ಪಾರಾಗಿ ಬಂದ ಶರಣರಿಗೆ ಆಸರೆ ಕೊಟ್ಟವೆಂದು ಹೇಳುವ ಗವಿಗಳಿವು. ಬೆನ್ನ ಹಿಂದೆ ಸೈನ್ಯ ಇಟ್ಟುಕೊಂಡು ಬಂದವರು ಯಾವ ಬಣ್ಣ ಒಪ್ಪೀತೆಂದು ನಿಂತಿರಲಿಕ್ಕಿಲ್ಲ. ಇನ್ನು ಅಕ್ಕಮಹಾದೇವಿ ಕಪಾಟನ್ನೇ ಬಿಟ್ಟು ನಡೆದವಳು. ಸೂಸಿ ಫಾಕ್ಸ್ ಕನಸಿನಲ್ಲೂ ಮುಟ್ಟದ ಎತ್ತರ ಅದು. ಗವಿಯ ಬಾಯಲ್ಲಿ ಬಗ್ಗಿದೆ. ಇದ್ದಲ್ಲೇ ಇರಬೇಕಾದ ಸೊಂಟ ಬೆಲ್ಟಿನ ಮೇಲಕ್ಕೂ ಕೆಳಕ್ಕೂ ಪಾಲಾಗಿ, ನಡುವಿನ ಎರಡು ಹಿತ್ತಾಳೆ ಗುಂಡಿಗಳು ಹಾರಿ ಕತ್ತಲೆಯಲ್ಲಿ ಟಣ್ ಎಂದವು. ಒಳಗಿದ್ದ ಯಾರೋ ಗಂಟೆಯ ಸದ್ದೆಂದುಕೊಂಡು ‘ಹರ ಹರ ಮಹಾದೇವ’ ಎಂದು ಕೂಗಿದರು. ನಾನೂ ಕೂಗಿದೆ.

ಮರಳುವಾಗ ತಿರುವಿನಲ್ಲಿ ಎರಡು ಚಕ್ಕಡಿ, ಒಂದು ಬಸ್ಸು, ನಾಲ್ಕು ಜೀಪು ಸಿಕ್ಕಿಹಾಕಿಕೊಂಡಿದ್ದವು. ನನ್ನನ್ನು ಕಂಡೊಡನೆ ಎಲ್ಲರೂ ‘ಬಂದ್ರು, ಬಂದ್ರು’ ಎಂದು ದಾರಿ ಬಿಟ್ಟರು. ಆ ಹೊತ್ತಿಗೆ ನಾನೂ ಹಣ್ಣಾಗಿದ್ದೆ. ಒಂದು ಕೈಯಿಂದ ಗುಂಡಿ ಹೋದ ಅಂಗಿಯನ್ನು ಹಿಡಿದುಕೊಂಡು ಇನ್ನೊಂದನ್ನು ಎತ್ತಿದೆ. ಬಸ್ಸು ಹಿಂದೆ ಸರಿಯಿತು. ಜೀಪುಗಳು ಸಾಲಾದವು. ಮನೆಯಲ್ಲಿ ಟಿವಿ ಸಣ್ಣಗೆ ಮಾಡಿ ಎಂದರೆ ಕೇಳದ ಯಜಮಾನರೂ ನಾನು ತೋರಿಸಿದ ಜಾಗದಲ್ಲಿ ಕಾರು ನಿಲ್ಲಿಸಿದರು.

ಆಗ ಬೈಕಿನಲ್ಲಿ ನಿಜವಾದ ಗಾರ್ಡ್ ಬಂದಳು. ಇಪ್ಪತ್ತೆಂಟರ ಆಸುಪಾಸಿನ ಹುಡುಗಿ. ಇಳಿದು, ನನ್ನನ್ನು ಬೂಟಿನಿಂದ ಭುಜದವರೆಗೆ ನೋಡಿದಳು. ಕಾನೂನಿನ ಯಾವ ಕಲಮು ಬೀಳುತ್ತದೋ ಎಂದು ನಾನು ಲೆಕ್ಕ ಹಾಕುತ್ತಿದ್ದೆ.

‘ಅಕ್ಕಾರ, ಭಾರೀ ಫಿಟಿಂಗ್ ಐತ್ರಿ,’ ಎಂದಳು. ‘ಎಲ್ಲಿ ಹೊಲಿಸಿದ್ರಿ? ನಮ್ಮ ಟೇಲರ್ ಎಷ್ಟು ಬಡಕೊಂಡ್ರೂ ಚೀಲಾನ ಹೊಲಿತಾನ.’

ಇಡೀ ಜಾತ್ರೆಯಲ್ಲಿ ನನಗೆ ಸಿಕ್ಕ ಏಕೈಕ ಮೆಚ್ಚುಗೆ. ಅಲ್ಲೇ ನಿಂತು ತಂಗಿಯ ಮಗಳಿಗೆ ವಿಡಿಯೊ ಕರೆ ಹಚ್ಚಿಕೊಟ್ಟೆ. ಆಕೆ ಗಾರ್ಡ್‌ನ ಮುಖವನ್ನು ಬೆಳಕಿಗೆ ತಿರುಗಿಸಿಕೊಂಡು, ಕಪ್ಪು ಕೂದಲನ್ನೂ ಮುಂಗೈಯ ನರವನ್ನೂ ನೋಡಿ, ಗಂಭೀರವಾಗಿ ತೀರ್ಪಿತ್ತಳು: ‘ನೀವು ಪಕ್ಕಾ ಚಳಿಗಾಲ. ಖಾಕಿ ನಿಮಗ ಒಟ್ಟ ಹೊಂದೂದಿಲ್ಲ. ಕಡುಗುಲಾಬಿ ಹಾಕ್ರಿ.’

ಗಾರ್ಡ್ ಕಾಡಿನ ಕಡೆ ಒಮ್ಮೆ ನೋಡಿ, ‘ಹುಲಿಗೆ ಒಂದು ಮಾತು ಕೇಳಿ ಹೇಳ್ತೀನ್ರಿ’ ಎಂದು ಬೈಕು ಹತ್ತಿದಳು.