ಫೋಟೋಗೆ ಸಿಕ್ಕಷ್ಟು ಹಸಿರು

ಕುಮಾರಸ್ವಾಮಿ ಲೇಔಟಿನಲ್ಲಿ ಹೊಸ ಮನೆ ಏಳುತ್ತಿದೆ ಅಂದರೆ, ಮೊದಲ ಮಹಡಿಯ ಸೆಂಟ್ರಿಂಗ್ ಬಿಚ್ಚುವಷ್ಟರಲ್ಲಿ ಒಂದು ದೃಷ್ಟಿಗೊಂಬೆ ನೇತಾಡಲೇಬೇಕು. ಕೋರೆಹಲ್ಲು, ಗಿರಿಜಾ ಮೀಸೆ, ಹೊರಚಾಚಿದ ಕೆಂಪು ನಾಲಗೆ. ದಿಬ್ಬ ಇಳಿದು ಕನಕಪುರ ರಸ್ತೆಗೆ ಬಂದರೆ ಕಟ್ಟಡಗಳು ದೊಡ್ಡವು, ಅವಕ್ಕೆ ಗೊಂಬೆ ಅಂದರೆ ನಾಚಿಕೆ. ಅಲ್ಲಿ ಗೊಂಬೆಯ ಜಾಗದಲ್ಲಿ ಎಲೆ ಚಿತ್ರದ ಬೋರ್ಡು: ‘ಗ್ರೀನ್ ಹೋಮ್ಸ್, ಗೋಲ್ಡ್ ಪ್ರಿ-ಸರ್ಟಿಫೈಡ್’. ಎರಡರ ಕೆಲಸವೂ ಒಂದೇ, ನೋಡುವವರ ಕಣ್ಣು ಕಟ್ಟಡದ ಮೇಲೆ ಬೀಳದಂತೆ ತಡೆಯುವುದು. ಗೊಂಬೆಗೆ ಕನ್ಸಲ್ಟೆಂಟ್ ಬೇಕಿಲ್ಲ, ಅಷ್ಟೇ ವ್ಯತ್ಯಾಸ.

ಕಟ್ಟಡ ಇನ್ನೂ ಕಾಗದದ ಮೇಲಿರುವಾಗಲೇ ‘ಹೀಗ್ಹೀಗೆ ಕಟ್ಟುತ್ತೇವೆ’ ಎಂದು ನಕ್ಷೆ, ಲೆಕ್ಕ ಒಪ್ಪಿಸಿ ಪಡೆಯುವ ಪತ್ರ ಈ ಪ್ರಿ-ಸರ್ಟಿಫಿಕೇಟು. ಫ್ಲ್ಯಾಟುಗಳು ಬುಕ್ ಆಗುವುದೂ ಆ ಹೊತ್ತಿನಲ್ಲೇ. ಕೊನೆಯ ಪತ್ರ ಬಂತೇ ಎಂದು ಕೇಳುವ ಕಾಲಕ್ಕೆ ಬುಕ್ ಮಾಡಿದವರು ಲಿಫ್ಟು, ಲೀಕೇಜು, ಮೇಂಟೆನೆನ್ಸಿನ ಜಗಳದಲ್ಲಿ ಮುಳುಗಿರುತ್ತಾರೆ. ಸಣ್ಣವರ ಮಾತು ಬಿಡಿ, ನಮ್ಮ ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ಲೇ 2022ರ ನವೆಂಬರಿನ ಉದ್ಘಾಟನೆಗೆ ಮೊದಲು, ಒಬ್ಬ ಪ್ರಯಾಣಿಕನೂ ಟ್ರಾಲಿ ತಳ್ಳದಿದ್ದಾಗ, ಪ್ಲಾಟಿನಂ ಪ್ರಿ-ಸರ್ಟಿಫಿಕೇಟ್ ಹಿಡಿದು ನಿಂತಿತ್ತು. ಬಿದಿರಿನ ಒಳಾಂಗಣ ಚೆನ್ನಾಗಿದೆ, ತಕರಾರಿಲ್ಲ. ಊರಿನ ಈ ತುದಿಯಿಂದ ಆ ತುದಿಗೆ ಟ್ಯಾಕ್ಸಿಯಲ್ಲಿ ಹೋಗುವ ನಮ್ಮ ಹೊಗೆಯನ್ನೂ ಆ ಬಿದಿರೇ ಕುಡಿದುಕೊಳ್ಳುತ್ತದೆ ಎಂದು ನಂಬೋಣ.

ಪತ್ರ ಕೊಡುವವರಲ್ಲಿ ಹೆಸರಾದವರು ಮೂವರು: ಅಮೆರಿಕದ ಲೀಡ್, ಉದ್ಯಮಗಳ ಒಕ್ಕೂಟ ಸಿಐಐ 2001ರಲ್ಲಿ ಹುಟ್ಟುಹಾಕಿದ ಐಜಿಬಿಸಿ, ಇಂಧನ ಸಂಶೋಧನಾ ಸಂಸ್ಥೆ ಟೆರಿ ರೂಪಿಸಿ ಕೇಂದ್ರ ಸರ್ಕಾರ 2007ರಲ್ಲಿ ಅಪ್ಪಿಕೊಂಡ ಗೃಹ. ಮೂರರಲ್ಲೂ ಅಂಕಗಳದೇ ಆಟ. ಲೀಡ್‌ನಲ್ಲಿ 40 ಬಂದರೆ ಪಾಸು, 60ಕ್ಕೆ ಚಿನ್ನ, 80ಕ್ಕೆ ಪ್ಲಾಟಿನಂ. ಅಂಕ ಯಾವುದಕ್ಕೆಂದು ಅದರ 2009ರ ನಿಯಮಾವಳಿ ತೆರೆದು ನೋಡಿದರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಸೈಕಲ್ ನಿಲ್ಲಿಸುವ ಕಂಬಿ ಮತ್ತು ಸ್ನಾನದ ಕೋಣೆಗೆ ಒಂದಂಕ. ಕನಕಪುರ ರಸ್ತೆಯಲ್ಲಿ ಸೈಕಲ್ ತುಳಿದು ಆ ಕಂಬಿಯವರೆಗೆ ಜೀವಸಹಿತ ಬಂದವನಿಗೆ ಮಾತ್ರ ಯಾವ ಅಂಕವೂ ಇಲ್ಲ. ಲೀಡ್ ಪರೀಕ್ಷೆ ಪಾಸಾದ ಪರಿಣತನೊಬ್ಬನನ್ನು ಕೆಲಸಕ್ಕೆ ಇಟ್ಟುಕೊಂಡದ್ದಕ್ಕೇ ಇನ್ನೊಂದಂಕ! ಸ್ಥಳೀಯ ಸಾಮಗ್ರಿ ಬಳಸಿದರೂ ಅಂಕ ಉಂಟು, ಸ್ಥಳೀಯ ಅಂದರೆ 500 ಮೈಲಿಯೊಳಗಿನದು. ಬೆಂಗಳೂರಿನಿಂದ ನೇರ ಗೆರೆ ಎಳೆದರೆ ಕೊಲಂಬೊ ಸುಮಾರು 700 ಕಿ.ಮೀ., ಅಂದರೆ 500 ಮೈಲಿಯೊಳಗೇ. ರಾವಣನ ಲಂಕೆಯಿಂದ ಹಡಗಿನಲ್ಲಿ ತಂದ ಕಲ್ಲೂ ನಮ್ಮೂರ ಪಕ್ಕದ ಸಾದಹಳ್ಳಿಯ ಕಲ್ಲೂ ಒಂದೇ ಊರಿನವು. ಆಮೇಲಿನ ಆವೃತ್ತಿಗಳು ಗೆರೆಯನ್ನು ಮೊಟಕು ಮಾಡಿವೆ, ಆದರೆ ಹಳೆಯದರಲ್ಲಿ ಪಾಸಾದವರ ಬೋರ್ಡು ಇಳಿದಿಲ್ಲ.

ಇನ್ನು ಕರೆಂಟಿನ ಲೆಕ್ಕ. ಕೇಂದ್ರ ಸರ್ಕಾರ 2007ರಲ್ಲಿ ತಂದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ದೇಶವನ್ನು ಐದು ಹವಾಮಾನ ವಲಯಗಳಾಗಿ ಹಂಚಿತು. ಬೆಂಗಳೂರಿಗೆ ಬಂದದ್ದು ಸಮಶೀತೋಷ್ಣ ವಲಯ. ಕಿಟಕಿ ತೆರೆದರೆ ಸಾಕು ಎಂದು ಸರ್ಕಾರವೇ ಬರೆದುಕೊಟ್ಟಂತಾಯಿತು. ಅಂಥ ಊರಿನಲ್ಲಿ ನಾವು ಪಶ್ಚಿಮಕ್ಕೆ ಗಾಜಿನ ಗೋಡೆ ಕಟ್ಟುತ್ತೇವೆ, ಅದು ತೆರೆಯದಂತೆ ಸೀಲ್ ಮಾಡುತ್ತೇವೆ, ಒಳಗೆ ಬೇಯತೊಡಗಿದಾಗ ಅತ್ಯುತ್ತಮ ದರ್ಜೆಯ ಎಸಿ ಹಾಕಿ ಅದರ ಉಳಿತಾಯಕ್ಕೆ ಅಂಕ ಎಣಿಸುತ್ತೇವೆ. ಉಳಿತಾಯ ಯಾವುದಕ್ಕೆ ಹೋಲಿಸಿ? ಕಂಪ್ಯೂಟರಿನೊಳಗೆ ಇನ್ನೊಂದು ಕಟ್ಟಡವಿರುತ್ತದೆ, ಅಷ್ಟೇ ಉದ್ದ, ಅಷ್ಟೇ ಅಗಲ, ಹಸಿವು ಮಾತ್ರ ಜಾಸ್ತಿ. ಅದಕ್ಕಿಂತ ನಮ್ಮದು ನೂರಕ್ಕೆ ಇಷ್ಟು ಕಡಿಮೆ ತಿನ್ನುತ್ತದೆ ಎಂದು ತೋರಿಸಬೇಕು. ಯಾರೂ ಕಟ್ಟದ ಕಟ್ಟಡ ಸುಡದೇ ಹೋದ ಕರೆಂಟು ನಮ್ಮ ಪುಣ್ಯದ ಖಾತೆಗೆ ಜಮೆ.

ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಮನೆಯಿದೆ. ಬಿಡಿಎ ಸೈಟು, ಕೆಳಗೊಂದು ಮೇಲೊಂದು, ರೆಡ್ ಆಕ್ಸೈಡ್ ನೆಲ, ಕಿಟಕಿಗಳ ಮೇಲೆ ವೆಂಟಿಲೇಟರು, ಮುಂದೆ ಹೊಂಗೆ ಮರ. ಪಕ್ಕದ ಮನೆಯ ಹುಡುಗ ಗ್ರೀನ್ ರೇಟಿಂಗ್ ಕೋರ್ಸು ಮುಗಿಸಿ ಬಂದ ಹೊಸತರಲ್ಲಿ ಉತ್ಸಾಹದಿಂದ ಮೇಷ್ಟ್ರ ಮನೆ ಅಳೆಯಲು ಕೂತ.

‘ಅಂಕಲ್, ಎಸಿ ಎಷ್ಟು ಟನ್?’

‘ಎಸಿ ಎಲ್ಲಿಯದಪ್ಪ, ಫ್ಯಾನೇ ಮೇ ತಿಂಗಳಲ್ಲಿ ಹಾಕೋದು.’

‘ಹಂಗಾದ್ರೆ ಸೇವಿಂಗ್ಸ್ ಎಲ್ಲಿಂದ ತೋರಿಸ್ಲಿ?’

ಮೇಷ್ಟ್ರು ಸ್ವಲ್ಪ ಹೊತ್ತು ಯೋಚಿಸಿ, ‘ಎರಡು ಎಸಿ ತಂದು ಆಮೇಲೆ ಒಂದು ವಾಪಸ್ ಕೊಟ್ರೆ ಆಗುತ್ತಾ?’ ಎಂದರು. ಹುಡುಗ ಅದನ್ನೂ ಬರೆದುಕೊಂಡ.

ಎಲ್ಲವೂ ಬೋರ್ಡಿನ ಆಟ ಎಂದು ಹೇಳಿದರೆ ಪಾಪ ಬಂದೀತು. ಡೊಮ್ಲೂರಿನ ಟೆರಿ ಕಟ್ಟಡ ಹೋಗಿ ನೋಡುವಂಥದು. ವಾಸ್ತುಶಿಲ್ಪಿ ಸಂಜಯ್ ಮೊಹೆ ಅವರಿಗೆ ಸಿಕ್ಕ ಜಾಗದ ದಕ್ಷಿಣಕ್ಕೆ ನಾರುವ ಮೋರಿ, ಗಾಳಿ ಬೀಸುವುದೂ ಅತ್ತಲಿಂದಲೇ. ಅವರು ಆ ಕಡೆಗೆ ಗೋಡೆಯನ್ನೇ ಬೆನ್ನು ಮಾಡಿ, ನಡುವೆ ಟೊಳ್ಳು ಬಿಟ್ಟು, ಹೊರಮೈಗೆ ಕಪ್ಪು ಕಡಪಾ ಕಲ್ಲು ಹಾಕಿದರು. ಬಿಸಿಲಿಗೆ ಕಲ್ಲು ಕಾಯುತ್ತದೆ, ಟೊಳ್ಳಿನ ಗಾಳಿ ಮೇಲೇರುತ್ತದೆ, ಒಳಗೆ ಉತ್ತರದಿಂದ ಹೊಸ ಗಾಳಿ ಬರುತ್ತದೆ. ನಮ್ಮಲ್ಲೂ ಮೋರಿಗಳಿಗೆ ಬರವಿಲ್ಲ. ಕಡಪಾ ಕಲ್ಲನ್ನು ಮಾತ್ರ ನಾವು ಅಡುಗೆಮನೆಯ ಶೆಲ್ಫಿನಿಂದ ಹೊರಗೆ ಬಿಡುವುದಿಲ್ಲ.

ಈ ದಿಬ್ಬದ ಮೇಲೆ ನಿಜವಾದ ಹಸಿರು ಕಾನೂನು ಅಂದರೆ 30x40 ಅಡಿ ಸೈಟಿನದು. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ಬಂತು. 30x40ರಲ್ಲಿ ಹೊಸದಾಗಿ ಕಟ್ಟುವವರು, 60x40ರ ಹಳೇ ಮನೆಯವರು ಮಳೆಕೊಯ್ಲು ಮಾಡಲೇಬೇಕು. ಹೇಗೆ ಮಾಡಬೇಕೆಂದು ತೋರಿಸಲು ಜಯನಗರ 5ನೇ ಬ್ಲಾಕಿನಲ್ಲಿ ಮಂಡಳಿಯದೇ ಥೀಮ್ ಪಾರ್ಕಿದೆ. ಬೆಂಗಳೂರಿನ ಮಳೆ ವರ್ಷಕ್ಕೆ ಸುಮಾರು 970 ಮಿ.ಮೀ. 1,200 ಚದರಡಿ ಸೈಟಿನ ಮೇಲೆ ಬೀಳುವ ನೀರು ಲಕ್ಷ ಲೀಟರ್ ದಾಟುತ್ತದೆ, 6,000 ಲೀಟರಿನ 18 ಟ್ಯಾಂಕರು. 2024ರ ಮಾರ್ಚಿನಲ್ಲಿ ಅಂಥದೊಂದು ಟ್ಯಾಂಕರಿಗೆ 5 ಕಿ.ಮೀ. ಒಳಗೆ 600 ರೂಪಾಯಿ ಎಂದು ಜಿಲ್ಲಾಡಳಿತವೇ ದರ ಕಟ್ಟಬೇಕಾಯಿತು. ಸುಮ್ಮನೆ ಆಕಾಶದಿಂದ ಸುರಿದದ್ದನ್ನು ಪೈಪಿನಲ್ಲಿ ಮೋರಿಗೆ ಬಿಟ್ಟವರೇ ಅವತ್ತು ಟ್ಯಾಂಕರಿನವನಿಗೆ ‘ಅಣ್ಣಾ, ದಮ್ಮಯ್ಯ’ ಎಂದದ್ದು. ಮಳೆಕೊಯ್ಲು ಇಲ್ಲದವರ ನೀರಿನ ಬಿಲ್ಲಿಗೆ ದಂಡ ಸೇರುತ್ತದೆ. ಎಷ್ಟೋ ಮನೆಯವರು ಅದನ್ನು ಕೇಬಲ್ ಬಾಡಿಗೆಯ ಹಾಗೆ ತಿಂಗಳು ತಿಂಗಳು ಕಟ್ಟಿ ನೆಮ್ಮದಿಯಾಗಿದ್ದಾರೆ.

ನಲ್ಲಿಯಲ್ಲಿ ಬರುವ ಕಾವೇರಿಯದು ಬೇರೆ ಕಥೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಹಂತಹಂತವಾಗಿ ಪಂಪು ನೂಕಿ, ನೂರು ಕಿಲೋಮೀಟರು ದೂರದಿಂದ ಸುಮಾರು 500 ಮೀಟರ್ ಎತ್ತರಕ್ಕೆ ಹತ್ತಿಸಿದ ನೀರು ಅದು. ಅಷ್ಟು ಕರೆಂಟು ಕುಡಿದು ಬಂದ ನೀರಲ್ಲಿ ನಾವು ಗೇಟಿನ ಮುಂದಿನ ಕಾಂಕ್ರೀಟನ್ನು ಬೆಳಿಗ್ಗೆ ಬೆಳಿಗ್ಗೆ ತೊಳೆದು ರಂಗೋಲಿ ಹಾಕುತ್ತೇವೆ.

ಸೋಲಾರ್ ಹೀಟರಿನ ಗತಿಯೂ ಅಷ್ಟೇ. ಹೊಸ ವಿದ್ಯುತ್ ಸಂಪರ್ಕ ಬೇಕೆಂದರೆ ಹೀಟರು ಬೇಕು, ಹಾಕಿದವರಿಗೆ ಬೆಸ್ಕಾಂ ಕೊಡುತ್ತಾ ಬಂದ ರಿಯಾಯಿತಿ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ. ದರ್ಶಿನಿಯಲ್ಲಿ ಒಂದು ಮಸಾಲೆದೋಸೆಗೂ ಸಾಲದು. ಹೀಟರು ಹಾಕಿದ ಮರುವರ್ಷ ಕಾಲೇಜಿನ ಹುಡುಗರಿಗೆಂದು ಪಕ್ಕದ ಸೈಟಿನಲ್ಲಿ ಐದು ಮಹಡಿಯ ಪಿ.ಜಿ. ಏಳುತ್ತದೆ. ಸೂರ್ಯ ಆ ಕಡೆ, ಹೀಟರು ಈ ಕಡೆ. ಪಿ.ಜಿ.ಯ ತಾರಸಿಯ ಮೇಲೂ ಹೀಟರು ಥಳಥಳಿಸುತ್ತಿರುತ್ತದೆ, ಕೆಳಗೆ ಕೋಣೆಗೊಂದು ಗೀಸರು ಉರಿಯುತ್ತಿರುತ್ತದೆ.

ಮೊನ್ನೆ ಸೆಕೆಂಡ್ ಸ್ಟೇಜಿನಲ್ಲಿ ಒಂದು ಮನೆ ಮುಗಿಯುವ ಹಂತದಲ್ಲಿತ್ತು. ಮುಂಬಾಗಿಲ ಪಕ್ಕದಲ್ಲಿ ಇಂಗುಗುಂಡಿ ತೋಡಿ, ದಪ್ಪ ಜಲ್ಲಿ, ಸಣ್ಣ ಜಲ್ಲಿ, ಮರಳು ಅಂತ ಕ್ರಮವಾಗಿ ತುಂಬಿ, ಪಕ್ಕಕ್ಕೆ ನೀಲಿ ಫಿಲ್ಟರ್ ಡ್ರಮ್ಮನ್ನು ನಿಲ್ಲಿಸಿದ್ದರು. ಒಬ್ಬ ನಾನಾ ಕೋನಗಳಿಂದ ಮೊಬೈಲಿನಲ್ಲಿ ಫೋಟೋ ಹೊಡೆಯುತ್ತಿದ್ದ. ಮೇಸ್ತ್ರಿ ಮೆಲ್ಲಗೆ ಕೇಳಿದ:

‘ಫೋಟೋ ಆಯ್ತಾ ಸಾರ್? ಕಾರು ನಿಲ್ಸೋಕೆ ಜಾಗ ಸಾಲ್ದಂತೆ, ಮೇಲೆ ಕಾಂಕ್ರೀಟ್ ಎಳೆದುಬಿಡ್ಲಾ?’

‘ಎಳಿ, ಆದ್ರೆ ಡ್ರಮ್ಮಿಗೆ ಸಿಮೆಂಟ್ ಮೆತ್ಕೊಳ್ದಂಗೆ ನೋಡ್ಕೊ ಮಾರಾಯ. ಸಂಜೆ ಇಲಿಯಾಸ್ ನಗರದ ಸೈಟಲ್ಲಿ ಅದರದ್ದು ಇನ್ನೊಂದು ಇನ್‌ಸ್ಪೆಕ್ಷನ್ ಇದೆ.’